ದಂಡಿನ ಬೀದಿಗಳೂ ನಮ್ಮ ಓಣಿಗಳೂ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಪಾಠ)



ಈ ಉಪನ್ಯಾಸಮಾಲೆಯಲ್ಲಿ ಒಂದು ದಿನವನ್ನು ಊರುಗಳ ಚರಿತ್ರೆಗಾಗಿ ಮೀಸಲಿಟ್ಟು, ಅಂದು ಮಾತನಾಡುವ ಹೊಣೆಯನ್ನು ಉತ್ಸವ ಸಮಿತಿಯವರು ನಮಗೆ ವಹಿಸಿದ್ದಾರೆ. ಹಾವೇರಿಯ ಪುರಸಿದ್ಧೇಶ್ವರ ದೇಗುಲದ ಶಿಲ್ಪವನ್ನೋ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹೆಸರುವಾಸಿಯನ್ನೋ ನಾವು ವರ್ಣಿಸುವೆವೆಂದು ತಮ್ಮಲ್ಲಿ ಅನೇಕರು ಎಣಿಸಿರಬಹುದು. ಆದರೆ ನಾವು ಆರಿಸಿಕೊಂಡಿರುವುದು ಇಲ್ಲಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿ, ಬೆಂಗಳೂರು ಮಹಾನಗರದ ನಟ್ಟನಡುವೆ ಇರುವ ಹಳೆಯ ದಂಡು ಪ್ರದೇಶವನ್ನು. ಮಹಾತ್ಮಾ ಗಾಂಧಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಲ್ಯಾವೆಲ್ ರಸ್ತೆ, ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ಟೌನ್ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿರುವ ಆ ಬೀದಿಗಳ ವಿಷಯವನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳು ಒಂದೇ ರೈಲುಹಾದಿಯ ಮೇಲೆ, ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಇವೆ. ಆ ಹಾದಿ ಮುಂದೆ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಬೆಂಗಳೂರನ್ನು ಸೇರುತ್ತದೆ. ಮಗನನ್ನೋ ಮಗಳನ್ನೋ ಆ ರೈಲಿಗೆ ಹತ್ತಿಸದ ಮನೆ ನಮ್ಮ ಧರ್ಮಕೇಂದ್ರದಲ್ಲಿ ವಿರಳ. ಓದಿಗಾಗಿ ಹೋದವರಿದ್ದಾರೆ, ಅಂಗಡಿ ಕಚೇರಿಗಳಲ್ಲಿ ದುಡಿಯಹೋದವರಿದ್ದಾರೆ, ಕಟ್ಟಡದ ಕೆಲಸಕ್ಕೆ ಹೋದವರೂ ಇದ್ದಾರೆ. ಕ್ರಿಸ್ಮಸ್ ಹಬ್ಬಕ್ಕೆ ಊರಿಗೆ ಬಂದಾಗ ಅವರು ಆ ಬೀದಿಗಳ ಸುದ್ದಿ ಹೇಳುತ್ತಾರೆ, ಹೇಳಿ, ಕೊನೆಗೆ ಒಂದು ಮಾತು ಸೇರಿಸುತ್ತಾರೆ: "ಅದು ದೊಡ್ಡವರ ಜಾಗ, ಫಾದರ್." ಆ ಸ್ಥಳವನ್ನು ದೊಡ್ಡವರ ಜಾಗವನ್ನಾಗಿ ಮಾಡಿದವರು ಯಾರು? ದೊಡ್ಡವರು ಮಾತ್ರವೇ ಅಲ್ಲಿ ಬಾಳಿದರೇ? ಅಲ್ಲಿ ನಿಜವಾಗಿ ದೊಡ್ಡದಾದದ್ದು ಯಾವುದು? ಈ ಮೂರು ಪ್ರಶ್ನೆಗಳೇ ನಮ್ಮ ಇಂದಿನ ಉಪನ್ಯಾಸದ ವಸ್ತು.

ಬೆಂಗಳೂರಿನ ಮೂಲ ಊರು ದಂಡಲ್ಲ, ಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಆ ಊರಿನಲ್ಲಿ ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಚಿಕ್ಕಪೇಟೆ ಎಂದು ಕಸುಬಿಗೊಂದು ವ್ಯಾಪಾರಕ್ಕೊಂದು ಬೀದಿಗಳಿದ್ದವು. ಆ ಪೇಟೆಯಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಅಲ್ಲಿಯೂ ಜಾತಿಗೊಂದು ಗೆರೆ ಇತ್ತು. ಆದರೆ ಎತ್ತಿನ ಗಾಡಿಯೂ ಸಾಹುಕಾರನ ಕುದುರೆಯೂ ಒಂದೇ ಇಕ್ಕಟ್ಟಾದ ಬೀದಿಯಲ್ಲಿ ಹಾಯಬೇಕಾಗಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. 1799ರಲ್ಲಿ ಟಿಪ್ಪು ಸುಲ್ತಾನನ ಮರಣದೊಂದಿಗೆ ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಆದರೆ ಗೆದ್ದವರನ್ನು ಆ ದ್ವೀಪದ ಜ್ವರ ಬಿಡಲಿಲ್ಲ. ಚಳಿಜ್ವರದಿಂದ ಸೈನಿಕರು ಸಾಯತೊಡಗಿದಾಗ, ಹವೆ ತಂಪಾಗಿಯೂ ನೆಲ ಎತ್ತರವಾಗಿಯೂ ಇದ್ದ ಬೆಂಗಳೂರಿಗೆ ದಂಡನ್ನು ಸಾಗಿಸಲು ನಿರ್ಧರಿಸಲಾಯಿತು. ಹೀಗೆ 1809ರಲ್ಲಿ ಪೇಟೆಯ ಪೂರ್ವಕ್ಕೆ, ಹಲಸೂರಿನ ಸುತ್ತಲಿನ ನೆಲದಲ್ಲಿ ದಂಡು ಪ್ರದೇಶ ಹುಟ್ಟಿತು. ಹುಟ್ಟಿಸಿದ್ದು ಭೋಗವಲ್ಲ, ಜ್ವರದ ಭಯ ಎಂಬುದನ್ನು ತಾವು ಗಮನಿಸಬೇಕು.

ನಡುವೆ ವಿಶಾಲವಾದ ಕವಾಯತು ಮೈದಾನ. ಅದರ ದಕ್ಷಿಣಕ್ಕೆ ಹಾಯ್ದ ದಾರಿ ಸೌತ್ ಪರೇಡ್. ಪದಾತಿಗಳಿದ್ದ ಕಡೆ ಇನ್‌ಫೆಂಟ್ರಿ ರಸ್ತೆ, ಕುದುರೆ ಸವಾರರಿದ್ದ ಕಡೆ ಕ್ಯಾವಲ್ರಿ ರಸ್ತೆ, ಮತ್ತೊಂದು ಕಡೆ ಬ್ರಿಗೇಡ್ ರಸ್ತೆ. ಹೆಸರುಗಳೇ ಸಾರುವಂತೆ ಅದು ಒಂದು ಶಿಬಿರ. ಆದರೆ ಅಧಿಕಾರಿಗಳ ಕುಟುಂಬಗಳು ಬಂದು ನೆಲೆಸಿದಂತೆ ಶಿಬಿರ ಊರಾಯಿತು. ಒಂದೊಂದು ಬಂಗಲೆಗೂ ಎಕರೆಗಟ್ಟಲೆ ಆವರಣ, ಸುತ್ತ ಗೋಡೆ, ಮುಂದೆ ಕಬ್ಬಿಣದ ಗೇಟು, ಗೇಟಿನಿಂದ ಮನೆಯವರೆಗೆ ಕೆಂಪು ಜಲ್ಲಿಯ ಹಾದಿ, ಮರದ ಕೆತ್ತನೆಯ ಚೂಪು ಮಾಡಿನ ಕಿಟಕಿಗಳು, ಗುಲಾಬಿಯ ತೋಟ. ಪೇಟೆಯಲ್ಲಿ ಮನೆ ಬೀದಿಗೆ ಅಂಟಿಕೊಂಡಿದ್ದರೆ, ಇಲ್ಲಿ ಬೀದಿಯಿಂದ ಎಷ್ಟು ದೂರವಿದ್ದರೆ ಅಷ್ಟು ಮರ್ಯಾದೆ. ಜಗಲಿಯ ಮೇಲೆ ಕುಳಿತು ದಾರಿಹೋಕನನ್ನು "ಬರ್ರಿ, ಕೂಡ್ರಿ" ಎಂದು ಕರೆಯುವ ನಮ್ಮ ಊರುಗಳ ಪದ್ಧತಿಗೆ ಇದು ತೀರ ವಿರುದ್ಧವಾದುದು.

ಕ್ರಮೇಣ ಒಂದೇ ಊರು ಎರಡಾಯಿತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪ್ರತ್ಯೇಕ ಪುರಸಭೆಗಳಾದವು. 1864ರಲ್ಲಿ ಜೋಲಾರ್‌ಪೇಟೆಯಿಂದ ಬಂದ ಮೊದಲ ರೈಲು ನಿಂತದ್ದು ಪೇಟೆಯ ಬಳಿಯಲ್ಲಲ್ಲ, ದಂಡಿನ ನಿಲ್ದಾಣದಲ್ಲಿ. 1868ರಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಅಠಾರಾ ಕಚೇರಿ ಸಿದ್ಧವಾಯಿತು. ಅದರ ಹಿಂದೆ 1870ರಲ್ಲಿ ಸ್ಯಾಂಕಿಯವರ ಮೇಲ್ವಿಚಾರಣೆಯಲ್ಲಿ ಇಂದಿನ ಕಬ್ಬನ್ ಉದ್ಯಾನ ರೂಪುಗೊಂಡಿತು. ಸುಂದರವಾದ ಆ ಉದ್ಯಾನವೇ ಎರಡು ಊರುಗಳ ನಡುವಿನ ಹಸಿರು ಗಡಿಯೂ ಆಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ, ದಂಡನ್ನು ಮಾತ್ರ ಹಿಂದಿರುಗಿಸಲಿಲ್ಲ. ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. 1882ರಲ್ಲಿ ದಂಡಿನ ನೀರಿಗಾಗಿ ಸ್ಯಾಂಕಿ ಕೆರೆ ಕಟ್ಟಲಾಯಿತು. 1883ರಲ್ಲಿ ರಿಚ್ಮಂಡ್ ಟೌನ್, ಬೆನ್ಸನ್ ಟೌನ್, ಕ್ಲೀವ್‌ಲ್ಯಾಂಡ್ ಟೌನ್ ಎಂಬ ಹೊಸ ಬಡಾವಣೆಗಳು ಸೇರಿದವು. ಹೀಗೆ ಅದನ್ನು ದೊಡ್ಡವರ ಜಾಗವನ್ನಾಗಿ ಮಾಡಿದ್ದು ಯಾರ ಹುಟ್ಟುಗುಣವೂ ಅಲ್ಲ. ಆಡಳಿತದ ಗೆರೆ, ನೀರಿನ ಸೌಕರ್ಯ, ನೆಲದ ಹಂಚಿಕೆ. ಇದು ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ.

ಇನ್ನು ಎರಡನೆಯದು. 1881ರ ಜನಗಣತಿಯಲ್ಲಿ ಪೇಟೆಯ ಜನಸಂಖ್ಯೆ ಸುಮಾರು 62,000, ದಂಡಿನದು ಸುಮಾರು 93,000. ಬಂಗಲೆಗಳ ಊರಿನಲ್ಲಿ ಪೇಟೆಗಿಂತ ಹೆಚ್ಚು ಜನ! ಇವರೆಲ್ಲ ಬಿಳಿಯರಾಗಿರಲಿಲ್ಲ. ಒಂದು ಬಂಗಲೆ ನಡೆಯಬೇಕಾದರೆ ಅಡುಗೆಯವನು, ನೀರು ಹೊರುವ ಭಿಸ್ತಿ, ದೋಬಿ, ಮಾಲಿ, ಕುದುರೆ ನೋಡುವವನು, ಮಕ್ಕಳನ್ನು ಎತ್ತಿ ಆಡಿಸುವ ಆಯಾ, ಕಾವಲುಗಾರ, ಜಾಡಮಾಲಿ ಇಷ್ಟು ಜನ ಬೇಕಾಗಿತ್ತು. ತಮಿಳು ಸೀಮೆಯಿಂದ ದಂಡಿನ ಬೆನ್ನುಹತ್ತಿ ಬಂದ ಕೂಲಿಗಳು, ವರ್ತಕರು, ಸಿಪಾಯಿಗಳು ಬಹುಸಂಖ್ಯೆಯಲ್ಲಿದ್ದರು. ಇವರು ಬಂಗಲೆಯ ಹಿತ್ತಿಲಿನ ಸಾಲುಮನೆಗಳಲ್ಲಿ, ಇಲ್ಲವೆ ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡು ಈಗ ಶಿವಾಜಿನಗರವಾಗಿರುವ ಕಿಕ್ಕಿರಿದ ಓಣಿಗಳಲ್ಲಿ ವಾಸಿಸಿದರು. ಮುಂಬಾಗಿಲಿನಿಂದ ನೋಡಿದವರಿಗೆ ದಂಡು ನೂರಾರು ಶ್ರೀಮಂತರ ಊರು; ಹಿತ್ತಿಲ ಬಾಗಿಲಿನಿಂದ ನೋಡಿದವರಿಗೆ ಸಾವಿರಾರು ದುಡಿಯುವವರ ಊರು.

ಲ್ಯಾವೆಲ್ ರಸ್ತೆಯ ಹೆಸರೊಂದನ್ನೇ ತೆಗೆದುಕೊಳ್ಳಿ. ಇಂದು ಆ ನಗರದ ಅತಿ ದುಬಾರಿ ಬೀದಿಗಳಲ್ಲಿ ಅದೂ ಒಂದು. ಮೈಕೇಲ್ ಲ್ಯಾವೆಲ್ ಎಂಬ ಐರಿಷ್ ಮೂಲದ ನಿವೃತ್ತ ಸೈನಿಕ ದಂಡಿನಲ್ಲಿ ನೆಲೆಸಿ, 1870ರ ದಶಕದಲ್ಲಿ ಕೋಲಾರದಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರದಿಂದ ಅಪ್ಪಣೆ ಪಡೆದನು. ಬೀದಿಗೆ ಅವನ ಹೆಸರು ಉಳಿಯಿತು. ಆದರೆ ಮುಂದೆ ಆ ಗಣಿಗಳಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಕಲ್ಲಿನ ಧೂಳನ್ನು ಎದೆಗೆ ತುಂಬಿಕೊಂಡು ದುಡಿದವರ ಹೆಸರು ಬೆಂಗಳೂರಿನ ಯಾವ ಬೀದಿಗೂ ಬರಲಿಲ್ಲ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ಬೀದಿಯ ಹೆಸರು ಇಂದಿಗೂ ಹೊಳೆಯುತ್ತಿದೆ.

ಗೇಟಿನ ಹೊರಗೆ ನಿಲ್ಲಿಸುವ ಪದ್ಧತಿಗೆ ಮತ್ತೊಂದು ಉದಾಹರಣೆ, 1868ರಲ್ಲಿ ಸ್ಥಾಪಿತವಾಗಿ ಈಗ ಬೆಂಗಳೂರು ಕ್ಲಬ್ ಎನಿಸಿರುವ ಸಂಸ್ಥೆ. ಆರಂಭದಲ್ಲಿ ಅದು ಬ್ರಿಟಿಷ್ ಅಧಿಕಾರಿಗಳಿಗಾಗಿಯೇ ಇದ್ದ ಕೂಟ. ಊಟ ತರುವ ಕೈ ಭಾರತೀಯನದಾಗಬಹುದಿತ್ತು, ಊಟಕ್ಕೆ ಕೂಡುವ ಕೈ ಆಗುವಂತಿರಲಿಲ್ಲ. ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ ತರುಣ ಸೈನ್ಯಾಧಿಕಾರಿಯಾಗಿ ಅಲ್ಲಿದ್ದಾಗ 13 ರೂಪಾಯಿಗಳ ಬಾಕಿ ಉಳಿಸಿಹೋದುದು 1899ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಸಾಲವೆಂದು ದಾಖಲಾಗಿದೆ. ಇದನ್ನು ಕೇಳಿ ತಾವು ನಗುತ್ತೀರಿ. ಆದರೆ ನಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ಬಡವನೊಬ್ಬ ಹದಿಮೂರು ರೂಪಾಯಿ ಉಳಿಸಿಕೊಂಡರೆ ಅದು ಚರಿತ್ರೆಯಾಗುವುದಿಲ್ಲ, ಅಪಮಾನವಾಗುತ್ತದೆ.

ಗೋಡೆಗಳಿಗೆ ತಡೆಯಲಾಗದ ಒಂದು ಅತಿಥಿ 1898ರಲ್ಲಿ ಬಂತು. ಅದೇ ಪ್ಲೇಗು. ನಮ್ಮೆಲ್ಲರಿಗೂ ಪರಿಚಿತವಾದ ಇದೇ ರೈಲುಹಾದಿಯಲ್ಲಿ, ಹುಬ್ಬಳ್ಳಿಯ ಕಡೆಯಿಂದ, ಆ ಮಾರಿ ಬೆಂಗಳೂರನ್ನು ಹೊಕ್ಕಿತು. ಪೇಟೆಯ ಓಣಿಗಳನ್ನು ಹೇಗೆ ಹೊಕ್ಕಿತೋ ದಂಡನ್ನೂ ಹಾಗೆಯೇ ಹೊಕ್ಕಿತು. ಆಮೇಲೆ ಅಧಿಕಾರಿಗಳ ಕಣ್ಣು ತೆರೆಯಿತು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳೂ, ದಂಡಿನ ಕಡೆ ಫ್ರೇಸರ್ ಟೌನೂ ಗಾಳಿ ಬೆಳಕುಗಳಿಗೆ ಅವಕಾಶ ಕೊಟ್ಟು ನಿರ್ಮಾಣವಾದವು. ಆಳಿನ ಗುಡಿಸಲಿನಲ್ಲಿ ಗಾಳಿ ಇಲ್ಲದಿದ್ದರೆ ದೊರೆಯ ಮಹಡಿಗೂ ಕ್ಷೇಮವಿಲ್ಲವೆಂಬ ಪಾಠವನ್ನು ಪ್ಲೇಗು ಕಲಿಸಿತು.

ಇನ್ನು ಕಥೋಲಿಕರಾದ ನಮಗೆ ಹತ್ತಿರದ ವಿಷಯ. ದಂಡಿನಲ್ಲಿ ನಮ್ಮವರ ಎರಡು ಪ್ರಸಿದ್ಧ ದೇವಾಲಯಗಳಿವೆ. ಒಂದು 1844ರಲ್ಲಿ ಪೂರ್ಣಗೊಂಡ ಸಂತ ಪ್ಯಾಟ್ರಿಕ್ಕರ ದೇವಾಲಯ. ಸೈನ್ಯದಲ್ಲಿದ್ದ ಐರಿಷ್ ಕಥೋಲಿಕರ ಸಲುವಾಗಿ ಎದ್ದುನಿಂತದ್ದು. ಇನ್ನೊಂದು ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ. ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರ ಕಾಲದಲ್ಲಿ ಅದು ಚಿಕ್ಕ ಗುಡಿಯಾಗಿತ್ತು. ಈಗಿನ ಭವ್ಯ ಕಟ್ಟಡ ಅಭಿಷಿಕ್ತವಾದದ್ದು 1882ರ ಸೆಪ್ಟೆಂಬರ್ 8ರಂದು. 1970ರ ದಶಕದಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವ ದೊರೆಯಿತು. ಬಂಗಲೆಗಳ ಬೀದಿಯಲ್ಲಲ್ಲ, ಸಂತೆಯ ಗದ್ದಲದ ನಡುವೆ ಆ ತಾಯಿ ಸೀರೆಯುಟ್ಟು ನಿಂತಿದ್ದಾಳೆ. ಸೆಪ್ಟೆಂಬರಿನ ಹಬ್ಬದಲ್ಲಿ ಕಾವಿ ಬಟ್ಟೆ ತೊಟ್ಟು ಬರುವ ಹರಕೆಯವರಲ್ಲಿ ಕ್ರೈಸ್ತರಲ್ಲದವರೂ ಸಾವಿರ ಸಂಖ್ಯೆಯಲ್ಲಿ ಇರುತ್ತಾರೆ. ದಂಡಿನಲ್ಲಿ ಯಾರ ಗುರುತನ್ನೂ ಕೇಳದೆ ಎಲ್ಲರನ್ನೂ ಒಳಗೆ ಬಿಟ್ಟುಕೊಂಡ ಬಾಗಿಲು ಯಾವುದೆಂದು ಕೇಳಿದರೆ ನಾವು ಆ ಬಾಗಿಲನ್ನು ತೋರಿಸುತ್ತೇವೆ.

ಹಾಗೆಂದು ಗೋಡೆ ಕಟ್ಟುವ ದೋಷ ಸರ್ಕಾರಕ್ಕೂ ಕ್ಲಬ್ಬಿಗೂ ಮಾತ್ರ ಅಂಟಿದ್ದೆಂದು ತಿಳಿದು ನಾವು ಸಮಾಧಾನಪಡುವಂತಿಲ್ಲ. ದಕ್ಷಿಣ ಭಾರತದ ನಮ್ಮ ಕೆಲವು ದೇವಾಲಯಗಳ ಒಳಗೇ ಜಾತಿಯ ಗೋಡೆಗಳಿದ್ದವು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಎರಡು ಜಾತಿಗಳವರು ಬೇರೆ ಬೇರೆ ಕುಳಿತುಕೊಳ್ಳುವಂತೆ ಕಟ್ಟಲಾಗಿದ್ದ ಗೋಡೆಯನ್ನು 1910ರಲ್ಲಿ ಯೇಸುಸಭೆಯ ಗುರುಗಳು ಕೆಡವಿಸಿದರು. ಅದಕ್ಕಾಗಿ ಅವರು ಬಲವಾದ ವಿರೋಧವನ್ನು ಎದುರಿಸಬೇಕಾಯಿತು. ಒಂದೇ ಪೀಠದ ಎದುರಿನಲ್ಲಿ ಎರಡು ಊರು! ಸಿರಿವಂತನಿಗೆ ಪೀಠವನ್ನೂ ಬಡವನಿಗೆ ನೆಲವನ್ನೂ ತೋರಿಸುವ ಸಭೆಯನ್ನು ಸಂತ ಯಾಕೋಬರು ತಮ್ಮ ಪತ್ರದಲ್ಲಿ ಖಂಡಿಸಿರುವುದನ್ನು ತಾವು ಬಲ್ಲಿರಿ. ಆ ಪತ್ರ ದಂಡಿಗೆ ಬರೆದುದಲ್ಲ, ದೇವಾಲಯಕ್ಕೆ ಬರೆದುದು.

1947ರ ಜುಲೈ 26ರಂದು ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. 1948ರಲ್ಲಿ ಸೌತ್ ಪರೇಡ್ ಮಹಾತ್ಮಾ ಗಾಂಧಿ ರಸ್ತೆಯಾಯಿತು. 1949ರಲ್ಲಿ ಪೇಟೆ ದಂಡುಗಳೆರಡೂ ಒಂದೇ ಕಾರ್ಪೊರೇಷನ್ನಿನಲ್ಲಿ ಸೇರಿದವು. ಗೆರೆ ಅಳಿಸಿತು, ಆದರೆ ಮನಸ್ಸಿನ ಗೆರೆ ಅಷ್ಟು ಬೇಗ ಅಳಿಯಲಿಲ್ಲ. ಇಂಗ್ಲಿಷು, ತಮಿಳು, ಉರ್ದು ಕೇಳಿಬರುತ್ತಿದ್ದ ಆ ಬೀದಿಗಳಲ್ಲಿ, ಕನ್ನಡ ನಾಡಿನ ನಡುವೆಯೇ ಇದ್ದೂ, ಕನ್ನಡಕ್ಕೆ ಬಹುಕಾಲ ಹಿಂದಿನ ಸಾಲೇ ದೊರಕಿತು. ಅಂಗಡಿಯೊಳಗೆ ಹೋಗಿ ಕನ್ನಡದಲ್ಲಿ ಬೆಲೆ ಕೇಳಲು ಸಂಕೋಚಪಟ್ಟವರು ನಮ್ಮ ಸೀಮೆಯಿಂದ ಹೋದವರಲ್ಲಿ ಎಷ್ಟೋ ಜನರಿದ್ದಾರೆ. ಸ್ವಂತ ನಾಡಿನಲ್ಲಿ ಪರಕೀಯನಾಗುವ ನೋವು ಅವರಿಗೆ ಗೊತ್ತು.

ಮುಂದೆ ಹಳೆಯ ಬಂಗಲೆಗಳು ಒಂದೊಂದಾಗಿ ಉರುಳಿದವು. 1973ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಇಪ್ಪತ್ತೈದು ಅಂತಸ್ತುಗಳ ಯುಟಿಲಿಟಿ ಕಟ್ಟಡ ಎದ್ದಿತು. 2008ರಲ್ಲಿ ತೆರೆದ ಯು.ಬಿ. ಸಿಟಿಯಂಥ ಮಳಿಗೆಗಳಲ್ಲಿ ಒಂದು ಕೈಚೀಲದ ಬೆಲೆ ನಮ್ಮ ರೈತನ ವರ್ಷದ ದುಡಿಮೆಯನ್ನು ಮೀರುವುದುಂಟು. ಹಿಂದೆ ಬಣ್ಣ ನೋಡಿ ತಡೆಯುತ್ತಿದ್ದ ಗೇಟು ಈಗ ಹಣ ನೋಡಿ ತಡೆಯುತ್ತದೆ. ಗೇಟು ಮಾತ್ರ ಅದೇ. ಆದರೆ 2011ರ ಅಕ್ಟೋಬರಿನಲ್ಲಿ ಮೆಟ್ರೋ ರೈಲು ಮೊದಲ ಬಾರಿಗೆ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಓಡಿದಾಗ, ಕೆಲವೇ ರೂಪಾಯಿಗಳ ಟಿಕೆಟಿನಿಂದ ಯಾರು ಬೇಕಾದರೂ ಆ ಬೀದಿಯಲ್ಲಿ ಇಳಿಯುವಂತಾಯಿತು. ಸಂಜೆ ಹೊತ್ತು ಅಲ್ಲಿ ಅಡ್ಡಾಡುವ ಜನರಲ್ಲಿ ನಮ್ಮ ಓಣಿಗಳ ಮಕ್ಕಳೂ ಇದ್ದಾರೆ.

ಈಗ ಮೂರನೆಯ ಪ್ರಶ್ನೆ: ಆ ಜಾಗದಲ್ಲಿ ನಿಜವಾಗಿ ದೊಡ್ಡದಾದದ್ದು ಯಾವುದು? ಇನ್ನೂರು ವರ್ಷಗಳನ್ನು ಜರಡಿ ಹಿಡಿದು ನೋಡಿದರೆ ಉಳಿಯುವುದು ಮುಚ್ಚಿದ್ದಲ್ಲ, ತೆರೆದದ್ದು. ಗಡಿಯಾಗಿದ್ದ ಕಬ್ಬನ್ ಉದ್ಯಾನದಲ್ಲಿ ಇಂದು ಕೂಲಿಯವನೂ ನ್ಯಾಯಾಧೀಶನೂ ಒಂದೇ ಮರದ ನೆರಳಿನಲ್ಲಿ ಕೂರುತ್ತಾರೆ. 1882ರಲ್ಲಿ ಸ್ಥಾಪಿತವಾದ ಸಂತ ಜೋಸೆಫರ ಕಾಲೇಜು ಎಲ್ಲ ಮತಗಳ ಮಕ್ಕಳಿಗೆ ವಿದ್ಯೆ ನೀಡಿದೆ. 1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಆರಂಭಿಸಿದ ಸಂತ ಮಾರ್ತಾ ಆಸ್ಪತ್ರೆ ಪೇಟೆ ದಂಡುಗಳ ಅಂಚಿನಲ್ಲಿ ನಿಂತು ಎರಡೂ ಕಡೆಯ ರೋಗಿಗಳನ್ನು ಕಂಡಿದೆ. ಬಂಗಲೆಗಳ ಒಡೆಯರ ಹೆಸರು ಇಂದು ಹಳೆಯ ಸಮಾಧಿಗಳ ಮೇಲೆ ಮಾತ್ರ ಇದೆ. ಅವರು ನೆಡಿಸಿದ ಮರಗಳ ನೆರಳು ದಾರಿಹೋಕರ ತಲೆಯ ಮೇಲಿದೆ. ಒಂದು ಬಡಾವಣೆಯ ಘನತೆ ಅದು ಯಾರನ್ನು ದೂರವಿಟ್ಟಿತು ಎಂಬುದರಿಂದಲ್ಲ, ಏನನ್ನು ಹಂಚಿಕೊಂಡಿತು ಎಂಬುದರಿಂದ ನಿರ್ಧಾರವಾಗುತ್ತದೆ.

ಪ್ರಿಯರೇ, ಇಷ್ಟನ್ನು ದೂರದ ಊರಿನ ಕಥೆಯೆಂದು ಕೇಳಿ ಎದ್ದುಹೋಗುವುದಕ್ಕಾಗಿ ನಾವು ಹೇಳಲಿಲ್ಲ. 1997ರಲ್ಲಿ ಹಾವೇರಿ ಜಿಲ್ಲೆಯಾದಂದಿನಿಂದ ನಮ್ಮ ಊರುಗಳು ಬೆಳೆಯುತ್ತಿವೆ. ರಾಣೆಬೆನ್ನೂರಿನ ಸುತ್ತ, ಹಾವೇರಿಯ ಹೆದ್ದಾರಿಯ ಬದಿಗೆ, ನಿನ್ನೆಯವರೆಗೆ ಹತ್ತಿ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಎನ್.ಎ. ಪ್ಲಾಟುಗಳ ಕಲ್ಲು ನೆಡುತ್ತಿದ್ದಾರೆ. ಊರು ಬೆಳೆಯುವುದು ಸಂತೋಷದ ಸಂಗತಿ. ಆದರೆ ಪ್ಲಾಟು ಕೊಳ್ಳುವಾಗ "ನೀರು ಹೇಗಿದೆ" ಎಂದು ಕೇಳುವುದಕ್ಕಿಂತ ಮೊದಲು "ಅಕ್ಕಪಕ್ಕ ಎಂಥವರಿದ್ದಾರೆ" ಎಂದು ಕೇಳುವುದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಬಾಡಿಗೆ ಮನೆ ಹುಡುಕುತ್ತ ಹೋದ ನಮ್ಮ ಧರ್ಮಕೇಂದ್ರದ ಕುಟುಂಬಗಳು, ಹೆಸರು ಹೇಳಿದ ಕೂಡಲೆ "ಮನೆ ಖಾಲಿ ಇಲ್ಲ" ಎಂಬ ಉತ್ತರ ಪಡೆದು ಮರಳಿ ಬಂದುದೂ ಉಂಟು. ಆ ನೋವನ್ನು ಉಂಡವರೇ ತಮ್ಮದೊಂದು ಮನೆಯಾದ ಮೇಲೆ, ಮೆಣಸಿನಕಾಯಿಯ ಕಾಲಕ್ಕೆ ಗುಳೆ ಬಂದು ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕಟ್ಟೆಯ ಮೇಲೆ ಕೂಡಲೂ ಬಿಡದಿದ್ದರೆ, ದಂಡಿನ ಗೇಟು ಬೆಂಗಳೂರಿನಲ್ಲಿ ಮುರಿದು ನಮ್ಮ ಓಣಿಯಲ್ಲಿ ಎದ್ದಂತಾಯಿತು.

ಸಿರಿವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಸಾಮತಿಯಲ್ಲಿ ಪ್ರಭು ಯೇಸು ಆ ಸಿರಿವಂತನ ಹೆಸರನ್ನೇ ಹೇಳಲಿಲ್ಲ. ಬಡವನ ಹೆಸರನ್ನು ಹೇಳಿದರು. ಆ ಸಿರಿವಂತ ಲಾಜರನನ್ನು ಹೊಡೆದನೆಂದಾಗಲಿ ಓಡಿಸಿದನೆಂದಾಗಲಿ ಅಲ್ಲಿ ಬರೆದಿಲ್ಲ. ನಡುವೆ ಒಂದು ಬಾಗಿಲಿತ್ತು, ಅದು ತೆರೆಯಲಿಲ್ಲ, ಅಷ್ಟೆ.

ನೂರು ವರ್ಷಗಳ ಹಿಂದೆ ಈ ನೆಲದಲ್ಲಿ ಪೂಜೆ ಸಲ್ಲಿಸಿದ ನಮ್ಮ ಹಿರಿಯರಿಗೆ ಪ್ರತಿಷ್ಠಿತ ವಿಳಾಸವಿರಲಿಲ್ಲ. ಅವರು ಬಿಟ್ಟುಹೋದ ಆಸ್ತಿ ಈ ಬಾಗಿಲು. ಶತಮಾನೋತ್ಸವದ ಅಂಗವಾಗಿ ಅದಕ್ಕೆ ಬಣ್ಣ ಬಳಿಸಿದ್ದೇವೆ, ಆವರಣಕ್ಕೆ ಹೊಸ ಗೋಡೆಯನ್ನೂ ಕಟ್ಟಿಸುತ್ತಿದ್ದೇವೆ. ದನಕರು ನುಗ್ಗದಂತೆ ಗೋಡೆ ಬೇಕು, ನಿಜ. ಆದರೆ ಗೋಡೆಯ ಅಂದಾಜು ಪತ್ರಿಕೆ ಸಮಿತಿಯ ಮುಂದೆ ಬಂದಾಗ ನಾವು ಒಂದು ಮಾತು ಕೇಳಿಕೊಂಡೆವು. ಅದನ್ನೇ ಇಂದು ತಮ್ಮೆಲ್ಲರ ಮುಂದೆಯೂ ಅರಿಕೆ ಮಾಡುತ್ತೇವೆ. ಸಂತೆಯ ರಸ್ತೆಯ ಕಡೆಗಿರುವ ಚಿಕ್ಕ ಗೇಟಿಗೆ ಹಗಲಿನಲ್ಲಿ ಬೀಗ ಬೇಡ. ಬಿಸಿಲಿಗೆ ಬಂದವರು ನಮ್ಮ ಬೇವಿನ ಮರದ ಕೆಳಗೆ ಕೂಡಲಿ, ನಲ್ಲಿಯಲ್ಲಿ ನೀರು ಕುಡಿಯಲಿ. ಯಾರೆಂದು ಕೇಳುವುದು ಬೇಡ.